ಹಿಂಬದಿಯ ಜೇಬಿನಲ್ಲೊಂದು ಚೀಟಿ

ಬೆಂಗಳೂರಿನ ಹಳೆ ಪುಸ್ತಕದಂಗಡಿಗಳಿಗೆ ಅಮೆರಿಕದ ಶಾಲೆಗಳು ಕೈಬಿಟ್ಟ ಮಕ್ಕಳ ಪುಸ್ತಕಗಳೂ ಬರುತ್ತವೆ. ಅಂಥದೊಂದನ್ನು ಹಿಂದಿನಿಂದ ತೆರೆದರೆ ಕೊನೆಯ ರಟ್ಟಿನ ಒಳಮೈಗೆ ಅಂಟಿಸಿದ ದಪ್ಪ ಕಾಗದದ ಜೇಬು ಕಾಣುತ್ತದೆ. ಎದುರು ಪುಟದಲ್ಲಿ ಪುಸ್ತಕ ಹಿಂದಿರುಗಿಸಬೇಕಾದ ದಿನಾಂಕಗಳ ಮುದ್ರೆ, ಒಂದರ ಕೆಳಗೊಂದು, ಓರೆಕೋರೆಯಾಗಿ. ಅದೃಷ್ಟವಿದ್ದರೆ ಜೇಬಿನೊಳಗೆ ಚೀಟಿಯೂ ಉಳಿದಿರುತ್ತದೆ: ಗೆರೆ ಎಳೆದ ಉದ್ದನೆಯ ರಟ್ಟಿನ ಚೀಟಿ, ಪೆನ್ಸಿಲಿನಲ್ಲಿ ಬರೆದ ಹೆಸರುಗಳು, ಹೆಸರಿನ ಪಕ್ಕ ತರಗತಿಯ ಕೋಣೆ ಸಂಖ್ಯೆ. ಏಳೆಂಟು ವರ್ಷದ ಮಕ್ಕಳ ಕೈಬರಹ ಎಂಬುದು ನೋಡಿದೊಡನೆ ತಿಳಿಯುತ್ತದೆ. ಅಕ್ಷರಗಳು ಗೆರೆಯ ಮಾತು ಕೇಳಿರುವುದಿಲ್ಲ.

ಗ್ರಂಥಾಲಯಗಳ ಇತಿಹಾಸ ಬರೆಯುವವರು ಕಟ್ಟಡಗಳ ಬಗ್ಗೆ, ದಾನಿಗಳ ಬಗ್ಗೆ, ವರ್ಗೀಕರಣದ ಬಗ್ಗೆ ಬೇಕಾದಷ್ಟು ಬರೆದಿದ್ದಾರೆ. ನನಗೆ ಈ ಚೀಟಿಯೇ ಹೆಚ್ಚು ಮುಖ್ಯ ಅನಿಸುತ್ತದೆ. ಸರ್ಕಾರದ ದುಡ್ಡಿನಲ್ಲಿ ಕೊಂಡ ಪುಸ್ತಕವನ್ನು ಒಂದು ಪುಟ್ಟ ಮಗುವಿನ ಚೀಲಕ್ಕೆ ಹಾಕಿ ಮನೆಗೆ ಕಳಿಸುವುದು ಸಣ್ಣ ಧೈರ್ಯವಲ್ಲ. ದಾರಿಯಲ್ಲಿ ಮಳೆ ಇದೆ, ಮನೆಯಲ್ಲಿ ತಂಗಿ ಇದ್ದಾಳೆ, ನಾಯಿ ಇದೆ, ಎಲ್ಲಕ್ಕಿಂತ ಹೆಚ್ಚಾಗಿ ಮರೆವು ಇದೆ. ಸಂಸ್ಥೆಗೆ ಆ ಧೈರ್ಯ ತುಂಬಿದ್ದು ಈ ಚೀಟಿ. ಕಳೆದ ನೂರು ವರ್ಷಗಳಲ್ಲಿ ಅಮೆರಿಕದ ಪ್ರಾಥಮಿಕ ಶಾಲೆಯ ಗ್ರಂಥಾಲಯಕ್ಕೆ ಪ್ರೊಜೆಕ್ಟರ್ ಬಂತು, ಕಂಪ್ಯೂಟರ್ ಬಂತು, ಕೊನೆಗೆ ಅದರ ಹೆಸರೇ ‘ಮೀಡಿಯಾ ಸೆಂಟರ್’ ಎಂದು ಬದಲಾಯಿತು. ಮಗುವಿನ ಕೈಗೆ ಏನನ್ನು ಕೊಡಬಹುದು, ಕೊಟ್ಟದ್ದರ ಲೆಕ್ಕ ಎಷ್ಟು ದಿನ, ಯಾರಿಗಾಗಿ ಇಡಬೇಕು ಎಂಬ ಪ್ರಶ್ನೆ ಮಾತ್ರ ಪ್ರತಿ ಹೊಸ ಯಂತ್ರದ ಜೊತೆಗೂ ಮತ್ತೆ ಬಂದಿದೆ.

ಲೆಕ್ಕವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹತ್ತೊಂಬತ್ತನೇ ಶತಮಾನದ ನ್ಯೂಯಾರ್ಕ್ ರಾಜ್ಯವೇ ಸಾಕ್ಷಿ. ಶಾಲಾ ವಲಯಗಳು ಗ್ರಂಥಾಲಯಕ್ಕಾಗಿ ತೆರಿಗೆ ಎತ್ತಬಹುದೆಂದು 1835ರಲ್ಲಿ ಅಲ್ಲಿ ಕಾನೂನಾಯಿತು. ಮೂರು ವರ್ಷಗಳ ಬಳಿಕ ರಾಜ್ಯವೂ ಹಣ ಕೊಡತೊಡಗಿತು. 1853ರ ಹೊತ್ತಿಗೆ ಆ ರಾಜ್ಯದ ಶಾಲಾ ಗ್ರಂಥಾಲಯಗಳಲ್ಲಿ ಸುಮಾರು 16 ಲಕ್ಷ ಸಂಪುಟಗಳಿದ್ದವು. ಆಮೇಲೆ ಅವು ಕರಗಿದವು. ಪುಸ್ತಕಕ್ಕೆಂದು ಬಂದ ಹಣ ಮೇಷ್ಟ್ರುಗಳ ಸಂಬಳಕ್ಕೆ ಹೋಯಿತು. ನೋಡಿಕೊಳ್ಳುವವರಿಲ್ಲದ ಪುಸ್ತಕಗಳು ಊರಿನ ಮನೆಗಳಲ್ಲಿ ಚದುರಿಹೋದವು. ಅವುಗಳಲ್ಲಿ ಹೆಚ್ಚಿನವು ಮಕ್ಕಳಿಗೆ ಹೇಳಿದಂಥವೂ ಆಗಿರಲಿಲ್ಲ ಎಂಬುದು ಬೇರೆ ಮಾತು.

ಜೇಬು ಮತ್ತು ಚೀಟಿಯ ಪದ್ಧತಿ ನೆಲೆಗೊಂಡದ್ದು ಆ ಶತಮಾನದ ಕೊನೆಗೆ. ನ್ಯೂಜೆರ್ಸಿಯ ನ್ಯೂವಾರ್ಕ್ ಊರಿನ ಸಾರ್ವಜನಿಕ ಗ್ರಂಥಾಲಯದಿಂದ ಹರಡಿದ್ದರಿಂದ ಅದಕ್ಕೆ ‘ನ್ಯೂವಾರ್ಕ್ ಪದ್ಧತಿ’ ಎಂದೇ ಹೆಸರು. ಪುಸ್ತಕಕ್ಕೊಂದು ಚೀಟಿ, ಓದುಗನಿಗೊಂದು ಕಾರ್ಡು. ಎರವಲು ಕೊಡುವಾಗ ಪುಸ್ತಕದ ಚೀಟಿಯಲ್ಲಿ ಓದುಗನ ಸಂಖ್ಯೆ ಬರೆದು, ದಿನಾಂಕದ ಮುದ್ರೆ ಒತ್ತಿ, ಚೀಟಿಯನ್ನು ತೆಗೆದಿಟ್ಟುಕೊಳ್ಳುತ್ತಾರೆ. ಪುಸ್ತಕ ಹೋಗುತ್ತದೆ, ಚೀಟಿ ಮೇಜಿನ ಮೇಲಿನ ತಟ್ಟೆಯಲ್ಲಿ ಪುಸ್ತಕದ ಪರವಾಗಿ ಜಾಮೀನು ನಿಲ್ಲುತ್ತದೆ. ಪುಸ್ತಕ ಮರಳಿದಾಗ ಚೀಟಿ ಮತ್ತೆ ಜೇಬಿಗೆ. ಪ್ರಾಥಮಿಕ ಶಾಲೆಗಳಿಗೆ ಬರುವಾಗ ಇದು ಇನ್ನಷ್ಟು ಸರಳವಾಯಿತು. ಆರು ವರ್ಷದ ಮಗು ಕಾರ್ಡನ್ನು ಎಲ್ಲಿ ಜೋಪಾನ ಮಾಡೀತು? ಹಾಗಾಗಿ ಮಗುವೇ ಚೀಟಿಯ ಮೇಲೆ ತನ್ನ ಹೆಸರು ಬರೆಯುವುದು ರೂಢಿಗೆ ಬಂತು. ಎಷ್ಟೋ ಮಕ್ಕಳು ತಮ್ಮ ಹೆಸರನ್ನು ಸಹಿಯ ಹಾಗೆ, ಜವಾಬ್ದಾರಿಯ ಗುರುತಾಗಿ ಮೊದಲು ಬರೆದದ್ದು ಅಲ್ಲೇ ಇರಬೇಕು.

ಇದರ ಒಂದು ಪರಿಣಾಮವನ್ನು ಯಾರೂ ಯೋಜಿಸಿರಲಿಲ್ಲ. ಪುಸ್ತಕ ತೆಗೆದುಕೊಳ್ಳುವ ಮಗುವಿಗೆ ತನಗಿಂತ ಮೊದಲು ಅದನ್ನು ಓದಿದವರೆಲ್ಲರ ಹೆಸರು ಕಾಣುತ್ತಿತ್ತು. ಅಕ್ಕನ ಹೆಸರು ಸಿಗಬಹುದು, ಜಗಳವಾಡಿದ ಗೆಳೆಯನದೂ ಸಿಗಬಹುದು. ಯಾರ ಹೆಸರೂ ಇಲ್ಲದ ಚೀಟಿಯೂ ಒಂದು ಸಂಗತಿಯನ್ನು ಹೇಳುತ್ತಿತ್ತು. ಓದುವುದು ಒಬ್ಬೊಬ್ಬರೇ ಮಾಡುವ ಕೆಲಸವಾದರೂ ಆ ಚೀಟಿ ಅದಕ್ಕೊಂದು ಬೀದಿಯ ಗುಣ ಕೊಟ್ಟಿತ್ತು. ಬೀದಿಗೆ ಇರುವ ತೊಂದರೆಯೂ ಅದಕ್ಕಿತ್ತು. ನೀವು ಯಾವ ಪುಸ್ತಕ ಒಯ್ದಿರಿ ಎಂಬುದು ಎಲ್ಲರಿಗೂ ಗೊತ್ತಾಗುತ್ತಿತ್ತು.

ಆದರೆ ಇಂಥ ಚೀಟಿ ಸಿಗಬೇಕಾದರೆ ಮೊದಲು ಶಾಲೆಯಲ್ಲಿ ಗ್ರಂಥಾಲಯ ಇರಬೇಕಲ್ಲ. ಪ್ರಾಥಮಿಕ ಶಾಲೆಗಳು ಈ ಸಾಲಿನಲ್ಲಿ ಯಾವಾಗಲೂ ಕೊನೆಗೆ ನಿಂತವು. ವೃತ್ತಿ ತರಬೇತಿ ಪಡೆದ ಗ್ರಂಥಪಾಲಕಿ ಮೇರಿ ಕಿಂಗ್ಸ್‌ಬರಿ 1900ರಲ್ಲಿ ನೇಮಕವಾದದ್ದು ಬ್ರೂಕ್ಲಿನ್ನಿನ ಇರಾಸ್ಮಸ್ ಹಾಲ್ ಎಂಬ ಪ್ರೌಢಶಾಲೆಗೆ. ಪ್ರೌಢಶಾಲಾ ಗ್ರಂಥಾಲಯಗಳ ಮಾನದಂಡ 1920ರಲ್ಲಿ ಬಂದರೆ ಪ್ರಾಥಮಿಕ ಶಾಲೆಗಳದು 1925ರಲ್ಲಿ ಬಂತು. ಬಂದದ್ದು ಕಾಗದದ ಮೇಲೆ. ಶತಮಾನದ ನಡುವಿನವರೆಗೂ ಬಹುಪಾಲು ಪ್ರಾಥಮಿಕ ಶಾಲೆಗಳಲ್ಲಿ ತರಗತಿಯ ಮೂಲೆಯ ಕಪಾಟು ಬಿಟ್ಟರೆ ಬೇರೇನೂ ಇರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದರಲ್ಲಿ ಓದಿನ ಪ್ರೀತಿಗಿಂತ ರಷ್ಯಾದ ಭಯದ ಪಾಲು ದೊಡ್ಡದು. 1957ರ ಅಕ್ಟೋಬರಿನಲ್ಲಿ ಸ್ಪುಟ್ನಿಕ್ ಹಾರಿತು. ಮರುವರ್ಷವೇ ಅಮೆರಿಕ ‘ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ’ ಮಾಡಿತು. ವಿಜ್ಞಾನ, ಗಣಿತ, ವಿದೇಶಿ ಭಾಷೆಗಳ ಕಲಿಕೆಗೆಂದು ಶಾಲೆಗಳಿಗೆ ಉಪಕರಣಗಳು ಬಂದವು. ಫಿಲ್ಮ್‌ಸ್ಟ್ರಿಪ್, ಪ್ರೊಜೆಕ್ಟರ್, ಟೇಪ್ ರೆಕಾರ್ಡರ್. 1963ರಲ್ಲಿ ನ್ಯಾಪ್ ಪ್ರತಿಷ್ಠಾನದ 11.3 ಲಕ್ಷ ಡಾಲರ್ ದಾನದಿಂದ ಕೆಲವು ಮಾದರಿ ಶಾಲಾ ಗ್ರಂಥಾಲಯಗಳ ಯೋಜನೆ ಶುರುವಾಯಿತು. ಬೇರೆ ಊರಿನ ಶಿಕ್ಷಕರು ಬಂದು ನೋಡಿ, ತಮ್ಮೂರಿಗೆ ಹೋಗಿ ಜಗಳ ಮಾಡಲಿ ಎಂಬುದೇ ಅದರ ಉದ್ದೇಶ. ನಿಜವಾದ ಹಣ ಬಂದದ್ದು 1965ರಲ್ಲಿ. ಏಪ್ರಿಲ್ 11ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸಿನಲ್ಲಿ ತಾನು ಕಲಿತ ಪುಟ್ಟ ಶಾಲೆಯ ಅಂಗಳದಲ್ಲಿ, ತನಗೆ ಅಕ್ಷರ ಕಲಿಸಿದ ಕೇಟ್ ಡೆಡ್ರಿಕ್ ಲೋನಿ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪ್ರಾಥಮಿಕ ಮತ್ತು ಪ್ರೌಢ ಶಿಕ್ಷಣ ಕಾಯ್ದೆಗೆ ಸಹಿ ಮಾಡಿದರು. ಅದರ ಎರಡನೆಯ ಅಧ್ಯಾಯ ಶಾಲಾ ಗ್ರಂಥಾಲಯ ಸಾಮಗ್ರಿ ಮತ್ತು ಪಠ್ಯಪುಸ್ತಕಗಳಿಗೆ ಮೊದಲ ವರ್ಷಕ್ಕೇ 10 ಕೋಟಿ ಡಾಲರ್ ಎತ್ತಿಟ್ಟಿತ್ತು.

ಆ ಅಧ್ಯಾಯದಲ್ಲಿ ಎರವಲಿನ ಒಂದು ಚಮತ್ಕಾರವಿದೆ. ಅಮೆರಿಕದ ಸಂವಿಧಾನ ಸರ್ಕಾರವನ್ನೂ ಚರ್ಚನ್ನೂ ದೂರ ಇಡುತ್ತದೆ. ಹಾಗಿರುವಾಗ ಚರ್ಚು ನಡೆಸುವ ಶಾಲೆಗಳ ಮಕ್ಕಳಿಗೆ ಸರ್ಕಾರ ಪುಸ್ತಕ ಕೊಡುವುದು ಹೇಗೆ? ಕಾಯ್ದೆ ಕೊಟ್ಟ ಉತ್ತರ: ಕೊಡುವುದು ಬೇಡ, ಎರವಲು ಕೊಡೋಣ. ಪುಸ್ತಕದ ಒಡೆತನ ಸಾರ್ವಜನಿಕ ಸಂಸ್ಥೆಯದು, ಓದು ಮಗುವಿನದು. ಖಾಸಗಿ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕ ಎರವಲು ಕೊಡುವ ನ್ಯೂಯಾರ್ಕಿನ ಇಂಥದೇ ಕಾನೂನನ್ನು ಅಲ್ಲಿನ ಸುಪ್ರೀಂ ಕೋರ್ಟ್ 1968ರಲ್ಲಿ ಒಪ್ಪಿತು. ಸಂವಿಧಾನದ ಗೋಡೆಯೂ ತಡೆಯಲಾರದಷ್ಟು ಹಗುರವಾದ ವ್ಯವಹಾರ ಎರವಲು!

ಇಷ್ಟೆಲ್ಲ ಉಪಕರಣ ಬಂದ ಮೇಲೆ ‘ಗ್ರಂಥಾಲಯ’ ಎಂಬ ಹೆಸರು ಇಕ್ಕಟ್ಟೆನಿಸಿತು. 1969ರಲ್ಲಿ ಶಾಲಾ ಗ್ರಂಥಪಾಲಕರ ಸಂಘವೂ ದೃಶ್ಯ-ಶ್ರವ್ಯ ಶಿಕ್ಷಣದವರ ಸಂಘವೂ ಸೇರಿ ಹೊಸ ಮಾನದಂಡ ಪ್ರಕಟಿಸಿದವು. ಗ್ರಂಥಾಲಯ ಮೀಡಿಯಾ ಸೆಂಟರ್ ಆಯಿತು, ಗ್ರಂಥಪಾಲಕಿ ಮೀಡಿಯಾ ಸ್ಪೆಷಲಿಸ್ಟ್ ಆದಳು. (ಕನ್ನಡಕ್ಕೆ ‘ಮಾಧ್ಯಮ ಕೇಂದ್ರ’ ಎಂದು ತಂದರೆ ಪತ್ರಿಕಾಗೋಷ್ಠಿ ನಡೆಯುವ ಕೋಣೆ ಕಣ್ಣಿಗೆ ಬರುತ್ತದೆ. ಇಂಗ್ಲಿಷ್ ಹೆಸರನ್ನೇ ಉಳಿಸಿಕೊಳ್ಳುತ್ತೇನೆ.) ಪುಸ್ತಕ, ಫಿಲ್ಮು, ಗ್ರಾಮಫೋನ್ ತಟ್ಟೆ, ಭೂಪಟ ಎಲ್ಲವೂ ಒಂದೇ ಸಂಗ್ರಹ, ಒಂದೇ ಸೂಚಿ ಎಂಬುದು ಅದರ ತತ್ವ. ನಾಲ್ಕು ದಶಕಗಳ ನಂತರ, 2010ರಲ್ಲಿ, ಅದೇ ಗ್ರಂಥಪಾಲಕರ ಸಂಘ ತನ್ನ ಸದಸ್ಯರ ಅಧಿಕೃತ ಹೆಸರು ‘ಶಾಲಾ ಗ್ರಂಥಪಾಲಕ’ ಎಂದೇ ಇರಲಿ ಎಂದು ತೀರ್ಮಾನಿಸಿತು. ನಡುವಿನ ನಲವತ್ತು ವರ್ಷಗಳ ಗುರುತಾಗಿ ಬಾಗಿಲ ಮೇಲೆ ಮೀಡಿಯಾ ಸೆಂಟರ್ ಎಂಬ ಫಲಕ ಈಗಲೂ ಎಷ್ಟೋ ಶಾಲೆಗಳಲ್ಲಿ ಉಳಿದಿದೆ.

ಹೆಸರು ಬದಲಾದದ್ದರಿಂದ ಒಳ್ಳೆಯದೂ ಆಯಿತು. ಮಕ್ಕಳು ನೋಡುವವರಾಗಿ ಮಾತ್ರ ಉಳಿಯದೆ ಮಾಡುವವರಾದರು. ಮಿನ್ನಿಯಾಪೊಲಿಸ್ಸಿನಲ್ಲಿ 1971ರಲ್ಲಿ ಮೂವರು ತರಬೇತಿ ಶಿಕ್ಷಕರು ಇತಿಹಾಸ ಪಾಠಕ್ಕೆಂದು ‘ಒರೆಗಾನ್ ಟ್ರೇಲ್’ ಎಂಬ ಕಂಪ್ಯೂಟರ್ ಆಟ ಬರೆದರು. ಆಗ ಪರದೆಯೂ ಇರಲಿಲ್ಲ. ಟೆಲಿಟೈಪ್ ಯಂತ್ರ ಕಾಗದದ ಮೇಲೆ ಟಕಟಕ ಬರೆಯುತ್ತಿತ್ತು. 1973ರಲ್ಲಿ ಹುಟ್ಟಿದ ಮಿನ್ನೆಸೋಟದ ಶೈಕ್ಷಣಿಕ ಕಂಪ್ಯೂಟಿಂಗ್ ಒಕ್ಕೂಟ ಅದನ್ನು ಶಾಲೆಯಿಂದ ಶಾಲೆಗೆ ಮುಟ್ಟಿಸಿತು. 1983ರಲ್ಲಿ ಆ್ಯಪಲ್ ಕಂಪನಿ ಕ್ಯಾಲಿಫೋರ್ನಿಯಾದ ಸುಮಾರು 9,000 ಶಾಲೆಗಳಿಗೆ ತಲಾ ಒಂದು ಕಂಪ್ಯೂಟರ್ ಕೊಟ್ಟಿತು. ಇಡೀ ಶಾಲೆಗೆ ಒಂದು! ಅದನ್ನು ಎಲ್ಲಿಡುವುದು? ಯಾವ ತರಗತಿಗೂ ಸೇರದ, ಎಲ್ಲ ತರಗತಿಗೂ ಸೇರಿದ ಜಾಗ ಶಾಲೆಯಲ್ಲಿ ಒಂದೇ. ಅಲ್ಲಿ ಪ್ರೊಜೆಕ್ಟರ್ ದೀಪ ಬದಲಿಸಿ ಅಭ್ಯಾಸವಿದ್ದ ಒಬ್ಬರೂ ಇರುತ್ತಿದ್ದರು. ಲೋಗೋ ಭಾಷೆಯಲ್ಲಿ ಆಮೆಯನ್ನು ಓಡಿಸಿ ಚಿತ್ರ ಬರೆಯುವುದು, ಬೆಳಗಿನ ಪ್ರಕಟಣೆಗಳನ್ನು ಮಕ್ಕಳೇ ಟಿವಿ ವಾರ್ತೆಯಂತೆ ಓದುವುದು, ಕಂಡ ಹಕ್ಕಿಯ ಬಗ್ಗೆ ಚಿತ್ರ-ಧ್ವನಿ ಸೇರಿಸಿ ಪುಟ ಮಾಡುವುದು ಎಲ್ಲ ಆ ಕೋಣೆಯ ಕೆಲಸಗಳಾದವು.

ಆದರೂ ಒಂದು ವ್ಯತ್ಯಾಸ ಉಳಿದೇ ಇತ್ತು. ಯಂತ್ರದ ಬಳಿ ಮಗುವಿಗೆ ಸಿಗುತ್ತಿದ್ದದ್ದು ಸರದಿ. ಹದಿನೈದೋ ಇಪ್ಪತ್ತೋ ನಿಮಿಷ, ಇನ್ನೊಬ್ಬರು ಹಿಂದೆ ಕಾಯುತ್ತಿರುವಾಗ. ಪುಸ್ತಕ ಹಾಗಲ್ಲ, ವಾರಗಟ್ಟಲೆ ಮಗುವಿನದೇ. ಹಾಸಿಗೆಯವರೆಗೂ ಹೋಗುತ್ತದೆ. ತಂತ್ರಜ್ಞಾನ ಯೋಜನೆಗಳ ವರದಿಗಳನ್ನು ಓದುವಾಗ ಉತ್ಸಾಹದ ನಡುವೆ ಈ ಸರಳ ಸಂಗತಿ ಎಲ್ಲೋ ಕಳೆದುಹೋಗುತ್ತದೆ ಎಂದು ನನಗೆ ಅನಿಸಿದೆ.

ಕಂಪ್ಯೂಟರು ಎರವಲಿನ ಮೇಜಿಗೇ ಬಂದದ್ದು 1980ರ ದಶಕದಲ್ಲಿ. ಕಿರಾಣಿ ಅಂಗಡಿಯ ಬಾರ್‌ಕೋಡ್ ಮೊದಲು ಓದಿಸಲ್ಪಟ್ಟದ್ದು 1974ರ ಜೂನ್ 26ರಂದು, ಒಹಾಯೋದ ಟ್ರಾಯ್ ಎಂಬಲ್ಲಿ, ಒಂದು ಚೂಯಿಂಗ್ ಗಮ್ ಪೊಟ್ಟಣದ ಮೇಲೆ. ಗ್ರಂಥಾಲಯಗಳು ತಮ್ಮದೇ ಬಗೆಯನ್ನು ಬಳಸಿಕೊಂಡವು. ಅವುಗಳಲ್ಲಿ ವ್ಯಾಪಕವಾದದ್ದು 14 ಅಂಕಿಗಳದು: ಮೊದಲ ಅಂಕಿ 2 ಇದ್ದರೆ ಮನುಷ್ಯ, 3 ಇದ್ದರೆ ಪುಸ್ತಕ. ಪ್ರಾಥಮಿಕ ಶಾಲೆಯಲ್ಲಿ ಇಲ್ಲೂ ಅದೇ ಹಳೆಯ ಸಮಸ್ಯೆ, ಮಗು ಕಾರ್ಡು ಕಳೆಯುತ್ತದೆ. ಅದಕ್ಕೆ ತರಗತಿವಾರು ಹಾಳೆಗಳಲ್ಲಿ ಮಕ್ಕಳ ಹೆಸರು ಮತ್ತು ಬಾರ್‌ಕೋಡ್ ಮುದ್ರಿಸಿ ಮೇಜಿನ ಮೇಲೇ ಇಟ್ಟರು. ಮಗು ಬಂದು ನಿಂತರೆ ಗ್ರಂಥಪಾಲಕಿ ಹಾಳೆಯ ಮೇಲೊಮ್ಮೆ, ಪುಸ್ತಕದ ಮೇಲೊಮ್ಮೆ ಬೆಳಕು ಹಾಯಿಸುತ್ತಾಳೆ. ಎರಡು ಸಲ ‘ಬೀಪ್’, ಕೆಲಸ ಮುಗಿಯಿತು. ಹೆಸರು ಬರೆಯುವ ಕೆಲಸ ತಪ್ಪಿತು, ಜೇಬು ಖಾಲಿಯಾಯಿತು.

ಚೀಟಿ ಹೋದದ್ದು ಒಂದು ದೃಷ್ಟಿಯಿಂದ ಬಿಡುಗಡೆಯೇ. 1970ರಲ್ಲಿ ಅಮೆರಿಕದ ತೆರಿಗೆ ಇಲಾಖೆಯ ಅಧಿಕಾರಿಗಳು ಮಿಲ್ವಾಕಿಯ ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ, ಸ್ಫೋಟಕಗಳ ಕುರಿತ ಪುಸ್ತಕಗಳನ್ನು ಒಯ್ದವರು ಯಾರೆಂದು ತೋರಿಸಿ ಎಂದಿದ್ದರು. ಬೇರೆ ಊರುಗಳಲ್ಲೂ ಹೀಗಾಯಿತು. ಅಮೆರಿಕನ್ ಗ್ರಂಥಾಲಯ ಸಂಘ 1971ರ ಜನವರಿಯಲ್ಲಿ ಎರವಲಿನ ದಾಖಲೆ ಗೋಪ್ಯ ಎಂಬ ನೀತಿಯನ್ನು ಅಂಗೀಕರಿಸಿತು. ಆ ನೀತಿ ಕಾಗದದ ಮೇಲಿದ್ದಾಗಲೂ ಶಾಲೆಗಳ ಚೀಟಿಗಳಲ್ಲಿ ಮಕ್ಕಳ ಹೆಸರು ಬಯಲಿಗಿತ್ತು. ಅಪ್ಪ-ಅಮ್ಮ ಬೇರೆಯಾಗುವ ಬಗ್ಗೆ, ಮೈ ಬೆಳೆಯುವ ಬಗ್ಗೆ, ಸಾವಿನ ಬಗ್ಗೆ ಪುಸ್ತಕ ಹುಡುಕುವ ಹತ್ತು ವರ್ಷದ ಮಗು ಅಲ್ಲಿ ತನ್ನ ಹೆಸರು ಬರೆಯಲು ಹಿಂಜರಿದಿದ್ದರೆ ಅಚ್ಚರಿಯಿಲ್ಲ. ಪುಸ್ತಕ ಮರಳಿದ ಕೂಡಲೇ ಮಗುವಿಗೂ ಪುಸ್ತಕಕ್ಕೂ ಇದ್ದ ಕೊಂಡಿಯನ್ನು ಅಳಿಸಿಬಿಡುವಂತೆ ಕಂಪ್ಯೂಟರಿಗೆ ಹೇಳಬಹುದು. ಕಾಗದಕ್ಕೆ ಹಾಗೆ ಮರೆಯುವುದು ಬರುತ್ತಿರಲಿಲ್ಲ.

ಮರೆಯಬಲ್ಲ ಯಂತ್ರ ನೆನಪಿಡುವುದರಲ್ಲೂ ನಿಸ್ಸೀಮ. 1980ರ ದಶಕದ ಮಧ್ಯದಲ್ಲಿ ವಿಸ್ಕಾನ್ಸಿನ್ನಿನ ಒಂದು ಮನೆಯಲ್ಲಿ, ತಮ್ಮ ಮಕ್ಕಳ ಓದಿಗೆಂದು ತಾಯಿಯೊಬ್ಬರು ಮಾಡಿಕೊಂಡ ಅಂಕದ ಪಟ್ಟಿಯಿಂದ ‘ಆಕ್ಸೆಲರೇಟೆಡ್ ರೀಡರ್’ ಹುಟ್ಟಿತು. ಮಗು ಪುಸ್ತಕ ಓದಿ, ಕಂಪ್ಯೂಟರಿನ ಮುಂದೆ ಕೂತು ನಾಲ್ಕಾರು ಪ್ರಶ್ನೆಗಳಿಗೆ ಉತ್ತರಿಸಿದರೆ ಅಂಕ. ಪುಸ್ತಕಕ್ಕೊಂದು ಮಟ್ಟ, ಮಗುವಿಗೊಂದು ಮಟ್ಟ. ಎಷ್ಟೋ ಶಾಲೆಗಳು ಪುಸ್ತಕದ ಬೆನ್ನಿಗೆ ಬಣ್ಣದ ಚುಕ್ಕಿ ಅಂಟಿಸಿ, ನಿನ್ನ ಬಣ್ಣದ್ದನ್ನೇ ತೆಗೆದುಕೋ ಎಂದವು. ಇದರಿಂದ ಓದಿನ ರುಚಿ ಹತ್ತಿದ ಮಕ್ಕಳಿಲ್ಲವೆಂದೇನೂ ಅಲ್ಲ. ಆದರೆ ಕೆಳಗಿನ ಮಟ್ಟದ ಬಣ್ಣ ಹಿಡಿದು ಸಾಲಿನಲ್ಲಿ ನಿಂತ ಮಗುವನ್ನು ನೆನೆಸಿಕೊಳ್ಳಿ. ಹಳೆಯ ಚೀಟಿ ನೀನು ಏನು ಓದಿದೆ ಎಂದು ಹೇಳುತ್ತಿತ್ತು. ಚುಕ್ಕಿ ನೀನು ಎಷ್ಟರವನು ಎಂದು ಹೇಳತೊಡಗಿತು. ಶಾಲಾ ಗ್ರಂಥಪಾಲಕರ ಸಂಘ 2011ರಲ್ಲಿ ಈ ಗುರುತುಗಳ ವಿರುದ್ಧ ಹೇಳಿಕೆ ಹೊರಡಿಸಿದಾಗ ಕೊಟ್ಟ ಕಾರಣಗಳಲ್ಲಿ ಮಗುವಿನ ಓದಿನ ಮಟ್ಟ ಗುಟ್ಟಾಗಿರಬೇಕೆಂಬುದೂ ಒಂದು. ಅಂತರ್ಜಾಲ ಬಂದ ಮೇಲಿನ ಕಥೆ ಇದರದೇ ವಿಸ್ತರಣೆ: 1996ರ ಕಾಯ್ದೆ ಶಾಲೆಗಳಿಗೆ ಅಗ್ಗದ ಸಂಪರ್ಕ ಕೊಟ್ಟಿತು, 2000ದ ಇನ್ನೊಂದು ಕಾಯ್ದೆ ಆ ರಿಯಾಯಿತಿ ಬೇಕಿದ್ದರೆ ಮಕ್ಕಳ ತೆರೆಗೆ ಸೋಸುಗ ಹಾಕಬೇಕೆಂದಿತು.

ಇದನ್ನೆಲ್ಲ ಓದುವ ನಮ್ಮವರಿಗೆ ಸ್ವಲ್ಪ ನಗು ಬರಬಹುದು. ಲೆಕ್ಕ ಹೇಗಿಡಬೇಕು, ಗುಟ್ಟು ಹೇಗೆ ಕಾಯಬೇಕು ಎಂಬ ಚಿಂತೆ ಎರವಲು ಕೊಡುವವರಿಗೆ. ನಮ್ಮ ಬಹುಪಾಲು ಪ್ರಾಥಮಿಕ ಶಾಲೆಗಳಲ್ಲಿ ಕಥೆ ಅದಕ್ಕಿಂತ ಒಂದು ಹೆಜ್ಜೆ ಹಿಂದೆ ನಿಂತಿದೆ, ಬೀಗದ ಬಳಿ.

ನಮಗೆ ದಾರಿ ಗೊತ್ತಿರಲಿಲ್ಲವೆಂದಲ್ಲ. ಬರೋಡದ ಸಯಾಜಿರಾವ್ ಗಾಯಕವಾಡರು 1910ರಲ್ಲೇ ವಿಲಿಯಂ ಬಾರ್ಡನ್ ಎಂಬ ಅಮೆರಿಕದ ಗ್ರಂಥಪಾಲಕನನ್ನು ಕರೆಸಿ, ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕ ಕಳಿಸುವ ವ್ಯವಸ್ಥೆ ಮಾಡಿಸಿದ್ದರು. ಎಸ್. ಆರ್. ರಂಗನಾಥನ್ ತಮ್ಮ ಐದು ಸೂತ್ರಗಳನ್ನು 1931ರಲ್ಲಿ ಪ್ರಕಟಿಸಿದಾಗ ಪುಸ್ತಕ ಇರುವುದು ಬಳಸಲಿಕ್ಕೆ ಎಂಬುದನ್ನೇ ಮೊದಲನೆಯದಾಗಿ ಇಟ್ಟರು. ಜೀವನದ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಅವರ ಶಾಲಾ ಗ್ರಂಥಾಲಯದ ಪುಸ್ತಕ ಅವರು ತೀರಿಕೊಂಡ ಮರುವರ್ಷ, 1973ರಲ್ಲಿ, ಹೊರಬಂತು. ಜಾನ್ಸನ್ ಸಹಿ ಹಾಕಿದ ಅದೇ 1965ರಲ್ಲಿ ಮೈಸೂರು ರಾಜ್ಯವೂ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಮಾಡಿತು. ಆಸ್ತಿ ತೆರಿಗೆಯ ಜೊತೆ ನಾವು ಇಂದಿಗೂ ಕಟ್ಟುವ ಗ್ರಂಥಾಲಯ ಕರ ಅದರ ಫಲ. ಅದು ಊರಿನ ಗ್ರಂಥಾಲಯಗಳಿಗಾಗಿ ಆದ ಕಾಯ್ದೆ. ಶಾಲೆಯ ಕಪಾಟಿನವರೆಗೆ ಅದರ ಕೈ ಚಾಚಲಿಲ್ಲ. ಶಾಲೆಗಳಿಗೆ ಪುಸ್ತಕಗಳು ಹೋದದ್ದು 1987ರ ಸುಮಾರಿಗೆ ಶುರುವಾದ ‘ಕಪ್ಪುಹಲಗೆ ಕಾರ್ಯಾಚರಣೆ’ಯಂಥ ಯೋಜನೆಗಳಲ್ಲಿ, ಭೂಪಟ-ಆಟಿಕೆಗಳ ಜೊತೆಗೆ, ದಾಸ್ತಾನು ಪುಸ್ತಕದಲ್ಲಿ ಒಂದು ಸಾಲಾಗಿ.

ಆ ದಾಸ್ತಾನು ಪುಸ್ತಕವೇ ಇಡೀ ಕಥೆಯ ಖಳನಾಯಕ. ಕುರ್ಚಿ, ಗಂಟೆ, ತಕ್ಕಡಿಗಳ ಸಾಲಿನಲ್ಲೇ ಕಥೆಪುಸ್ತಕವೂ ದಾಖಲಾಗುತ್ತದೆ. ವರ್ಗಾವಣೆಯ ದಿನ ಎಣಿಕೆ ತಪ್ಪಿದರೆ ಉತ್ತರ ಹೇಳಬೇಕಾದವರು ಮುಖ್ಯ ಶಿಕ್ಷಕರು. ಬೀಗ ಹಾಕಿದ ಮೇಷ್ಟ್ರನ್ನು ಪುಸ್ತಕದ ಶತ್ರು ಎಂದು ಬೈಯುವುದು ಸುಲಭ. ನಾನು ಓದಿದ ಶಾಲೆಯಲ್ಲೂ ಗಾಜಿನ ಕಪಾಟಿನ ಬೀಗದ ಕೈ ಒಬ್ಬ ಒಳ್ಳೆಯ ಮೇಷ್ಟ್ರ ಉಡಿದಾರದಲ್ಲಿತ್ತು. ಅವರು ಚೆನ್ನಾಗಿ ಕಥೆ ಹೇಳುತ್ತಿದ್ದರು. ಪುಸ್ತಕ ಮಾತ್ರ ಹೊರಗೆ ಬರುತ್ತಿರಲಿಲ್ಲ.

ಕುತೂಹಲದ ಸಂಗತಿ ಎಂದರೆ ಕಳೆದುಹೋಗುವ ಪುಸ್ತಕಕ್ಕೆ ನಮ್ಮ ಹಣಕಾಸು ನಿಯಮಗಳಲ್ಲೇ ಜಾಗವಿದೆ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳ 215ನೇ ನಿಯಮದ ಪ್ರಕಾರ, ವರ್ಷದಲ್ಲಿ ಎರವಲು ಹೋದ ಅಥವಾ ಅಲ್ಲೇ ಓದಿದ ಪ್ರತಿ ಸಾವಿರ ಸಂಪುಟಕ್ಕೆ ಐದು ಕಳೆದರೆ ಅದು ಸಹಜ ನಷ್ಟ, ಅಪ್ರಾಮಾಣಿಕತೆಯೋ ಅಲಕ್ಷ್ಯವೋ ಇಲ್ಲದಿದ್ದರೆ. ದುಬಾರಿ ಮತ್ತು ಅಪರೂಪದ ಪುಸ್ತಕಗಳಿಗೆ ಮಾತ್ರ ತನಿಖೆ ಕಡ್ಡಾಯ. ಈ ನಿಯಮ ಕೇಂದ್ರದ ಸಂಸ್ಥೆಗಳಿಗೆ. ಹಳ್ಳಿಯ ಸರ್ಕಾರಿ ಶಾಲೆಗೆ ನೇರವಾಗಿ ಅನ್ವಯಿಸುವುದಿಲ್ಲ. ಆದರೆ ಅದರ ಲೆಕ್ಕದ ಬಗೆ ನೋಡಿ. ವಿನಾಯಿತಿ ನಿಂತಿರುವುದು ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಯ ಮೇಲಲ್ಲ, ಓದಿಗೆ ಸಿಕ್ಕ ಪುಸ್ತಕಗಳ ಸಂಖ್ಯೆಯ ಮೇಲೆ. ಇನ್ನೂರು ಪುಸ್ತಕಗಳಿರುವ ಪುಟ್ಟ ಶಾಲೆ ಅವನ್ನು ವರ್ಷಕ್ಕೆ ಹತ್ತು ಸುತ್ತು ಮಕ್ಕಳ ಮನೆಗೆ ಕಳಿಸಿದರೆ ಎರಡು ಸಾವಿರ ಎರವಲು. ಹತ್ತು ಪುಸ್ತಕ ಕಳೆದರೂ ತಪ್ಪಿಲ್ಲ. ಬೀಗ ಹಾಕಿಟ್ಟ ಶಾಲೆಗೆ ಒಂದು ಪುಸ್ತಕ ಕಳೆಯುವ ಹಕ್ಕೂ ಇಲ್ಲ. ಯಾವ ಗುಮಾಸ್ತರು ಬರೆದರೋ, ರಂಗನಾಥನ್ ಅವರ ಮೊದಲ ಸೂತ್ರವನ್ನು ಅಂಕಗಣಿತಕ್ಕೆ ಇಳಿಸಿದ್ದಾರೆ.

ಈಚೆಗೆ ಕರ್ನಾಟಕದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಒಂದು ಬದಲಾವಣೆ ಶುರುವಾಗಿದೆ. ಅವು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ ಮೇಲೆ, 2020ರಲ್ಲಿ, ‘ಓದುವ ಬೆಳಕು’ ಕಾರ್ಯಕ್ರಮದಡಿ ಶಾಲಾ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಅನೇಕ ಕಡೆ ಗೋಡೆಗೆ ಬಣ್ಣ ಬಂದಿದೆ, ಕಂಪ್ಯೂಟರೂ ಬಂದಿದೆ. ನೋಡಲು ಹೋಗುವವರಿಗೆ ಮೊದಲು ತೋರಿಸುವುದು ಕಂಪ್ಯೂಟರನ್ನೇ. ನಾನು ಹೋದ ಕಡೆಗಳಲ್ಲಿ ಎರವಲಿನ ನೋಟ್‌ಬುಕ್ ಕೇಳಿ ಪಡೆದು ನೋಡುವ ಅಭ್ಯಾಸ ಮಾಡಿಕೊಂಡಿದ್ದೇನೆ. ಒಂದು ಊರಿನಲ್ಲಿ ಅದು ಮೂರು ತಿಂಗಳಿಂದ ಖಾಲಿಯಿತ್ತು. ಹಾಜರಿ ಪುಸ್ತಕ ಮಾತ್ರ ತುಂಬಿತ್ತು. ಇನ್ನೊಂದೂರಿನಲ್ಲಿ ಎರಡನೆಯ ನೋಟ್‌ಬುಕ್ ಅರ್ಧ ಮುಗಿದಿತ್ತು. ಹೆಸರು, ತರಗತಿ, ಪುಸ್ತಕದ ಸಂಖ್ಯೆ, ಕೊಟ್ಟ ತಾರೀಕು, ಬಂದ ತಾರೀಕು, ಸಹಿ. ಬಂದ ತಾರೀಕಿನ ಅಂಕಣದಲ್ಲಿ ಅಲ್ಲಲ್ಲಿ ಖಾಲಿ ಜಾಗಗಳಿದ್ದವು. ಇವು ವಾಪಸು ಬಂದಿಲ್ಲವೇ ಎಂದು ಕೇಳಿದೆ. ಮೇಲ್ವಿಚಾರಕಿ ಬೆರಳಿಟ್ಟು ಒಂದೊಂದನ್ನೇ ಹೇಳುತ್ತ ಹೋದರು: ಇದು ಆ ಹುಡುಗಿಯ ತಮ್ಮನ ಹತ್ತಿರ ಇದೆ, ಇದು ಅಜ್ಜಿ ಮನೆಗೆ ಹೋಗಿದೆ, ಇದು ಮಳೆಗೆ ನೆನೆದು ಅವರಮ್ಮ ಒಲೆಯ ಹತ್ತಿರ ಒಣಗಿಸುತ್ತಿದ್ದಾರೆ.